ಮಗು ಬರುತ್ತಿದೆ, ಎರಡೇ ಸೀಟಿನ ಕಾರನ್ನು ಏನು ಮಾಡಲಿ?

ಪ್ರಶ್ನೆ: ನನ್ನ ಬಳಿ 2003ರಲ್ಲಿ ತಯಾರಾದ ಮಾಜ್ದಾ ಎಂಎಕ್ಸ್-5 ಇದೆ. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, 1.8 ಲೀಟರ್ ಎಂಜಿನ್. 1,38,000 ಕಿಲೋಮೀಟರ್ ಓಡಿದೆ. ಮದುವೆಗೂ ಮುಂಚೆ, ಹನ್ನೊಂದು ವರ್ಷಗಳ ಹಿಂದೆ, ಕೂಡಿಟ್ಟ ಹಣವನ್ನೆಲ್ಲ ಸುರಿದು ಕೊಂಡದ್ದು. ಇನ್ನೆರಡು ತಿಂಗಳಲ್ಲಿ ನಮಗೆ ಮೊದಲ ಮಗು. ತಂದೆಯವರಿಗೆ ಮಂಡಿನೋವು, ಕಳೆದ ಸಲ ಅವರನ್ನು ಈ ಕಾರಿನಿಂದ ಎಬ್ಬಿಸಲು ಇಬ್ಬರು ಬೇಕಾಯಿತು. ಇದರ ಮೇಲೆ ಮೆಕ್ಯಾನಿಕ್ ಹೇಳುವುದು: ಎಡಬಾಗಿಲಿನ ಕೆಳಗೆ ಹಿಂಭಾಗದಲ್ಲಿ ತುಕ್ಕು ಬಂದಿದೆ, ಕ್ಲಚ್ ಮುಗಿಯುತ್ತಾ ಬಂದಿದೆ, ಟೈರ್‌ಗಳು ಹಳೆಯವು, ಎಲ್ಲ ಸೇರಿ ಖರ್ಚು ಕಾರಿನ ಇಂದಿನ ಬೆಲೆಯ ಅರ್ಧದಷ್ಟು. ಗೆಳೆಯರು, 'ಇಂಥ ಕಾರಿಗೆ ಮುಂದೆ ಬೆಲೆ ಬರುತ್ತದೆ, ಹೊದಿಕೆ ಹಾಕಿ ನಿಲ್ಲಿಸು' ಎನ್ನುತ್ತಾರೆ. ಅತ್ತೆ-ಮಾವ, 'ದೊಡ್ಡ ಎಸ್‌ಯುವಿ ತೆಗೆದುಕೊಳ್ಳಿ, ಮಗುವಿಗೆ ಅದೇ ಸುರಕ್ಷಿತ' ಎನ್ನುತ್ತಾರೆ. ಹೆಂಡತಿ, 'ನಿಮಗೆ ಬಿಟ್ಟದ್ದು' ಎಂದಿದ್ದಾಳೆ. ನನಗೆ ಹೆಚ್ಚು ಭಯವಿರುವುದು ಆ ಮಾತಿನದ್ದೇ. ಏನು ಮಾಡಲಿ? ಇನ್ನೊಂದು: ಮಗುವನ್ನು ಒಂದೇ ಒಂದು ಸಲ, ಆಸ್ಪತ್ರೆಯಿಂದ ಮನೆಗೆ, ಈ ಕಾರಿನಲ್ಲಿ ಕರೆತರಬಹುದೇ?

ಉತ್ತರ: ಕೊನೆಯ ಸಾಲು ಓದಿ ನಗು ಬಂತು. ಅದಕ್ಕೆ ಕೊನೆಯಲ್ಲೇ ಬರುತ್ತೇನೆ.

ನಾನು ವರ್ಕ್‌ಶಾಪ್ ನಡೆಸುವವನು. ಹಳೆಯ ಕಾರು ಕೊಳ್ಳುವವರ ಪರವಾಗಿ ಅದನ್ನು ತಪಾಸಣೆ ಮಾಡಿಕೊಡುವುದು ನನ್ನ ಅರ್ಧ ಕೆಲಸ. ನಿಮ್ಮಂಥ ಸಂಕಟದಲ್ಲಿ ಬರುವವರನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಮಾರಿ ಪಶ್ಚಾತ್ತಾಪ ಪಟ್ಟವರಿದ್ದಾರೆ, ಇಟ್ಟುಕೊಂಡು ಪಶ್ಚಾತ್ತಾಪ ಪಟ್ಟವರೂ ಇದ್ದಾರೆ. ಆದರೆ ಅತಿ ಹೆಚ್ಚು ಹಣ ಕಳೆದುಕೊಂಡವರು ಎರಡನ್ನೂ ಮಾಡದವರು. ಮಾರಲು ಮನಸ್ಸಿಲ್ಲ, ಓಡಿಸಲು ಸಮಯವಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಹೊದಿಕೆ ಹಾಕಿ ಮೂಲೆಯಲ್ಲಿ ನಿಲ್ಲಿಸಿಬಿಟ್ಟವರು. ನಿಮ್ಮ ಗೆಳೆಯರ ಸಲಹೆ ನಿಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತದೆ.

ಮೊದಲು ಚರ್ಚೆಗೇ ಇಲ್ಲದ ಸಂಗತಿಯನ್ನು ಪಕ್ಕಕ್ಕಿಡೋಣ. ಮೂರು ಜನರ ಮನೆಗೆ ಹಿಂದಿನ ಸೀಟಿರುವ ಕಾರು ಬೇಕು. ಸ್ವಂತದ್ದಾಗಲಿ, ಬಾಡಿಗೆಯದ್ದಾಗಲಿ, ಅದು ಬಂದೇ ಬರುತ್ತದೆ. ಆದ್ದರಿಂದ 'ಕಾರೋ ಸಂಸಾರವೋ' ಎಂದು ಕೊರಗಬೇಡಿ. ಆ ತೀರ್ಮಾನವನ್ನು ನಿಮ್ಮ ಮಗು ಆಗಲೇ ಮಾಡಿದೆ. ಉಳಿದಿರುವುದು, ಇನ್ನೊಂದು ಕಾರು ಬಂದ ಮೇಲೆ ಇದು ಉಳಿಯಲು ಯೋಗ್ಯವೇ ಎಂಬುದು. ಅದನ್ನು ಹೇಳುವುದು ಕ್ಲಚ್ಚೂ ಅಲ್ಲ, ಟೈರೂ ಅಲ್ಲ, ಎಡಬಾಗಿಲಿನ ಕೆಳಗಿನ ಆ ತುಕ್ಕು.

ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಪೆಟ್ಟಿಗೆಯಂತೆ ಮಡಚಿದ ಉಕ್ಕಿನ ಭಾಗವೊಂದು ಇರುತ್ತದೆ. ಅದನ್ನು ಸಿಲ್ ಎನ್ನುತ್ತೇವೆ. ಮುಚ್ಚಿದ ಕಾರಿನಲ್ಲಿ ಮೇಲಿನ ಛಾವಣಿಯೂ ಕೆಳಗಿನ ಸಿಲ್‌ಗಳೂ ಸೇರಿ ಇಡೀ ದೇಹ ತಿರುಚದಂತೆ ಹಿಡಿದಿರುತ್ತವೆ. ನಿಮ್ಮ ಕಾರಿಗೆ ಉಕ್ಕಿನ ಛಾವಣಿಯಿಲ್ಲ. ಶೂ ಡಬ್ಬಿಯ ಮುಚ್ಚಳ ತೆಗೆದು ಎರಡು ಮೂಲೆ ಹಿಡಿದು ತಿರುಗಿಸಿ ನೋಡಿ, ಅರ್ಥವಾಗುತ್ತದೆ. ಹೀಗಾಗಿ ತೆರೆದ ಕಾರಿನಲ್ಲಿ ಸಿಲ್ ಬೆನ್ನುಮೂಳೆಯ ಕೆಲಸ ಮಾಡುತ್ತದೆ. ಬಾನೆಟ್ಟಿನ ತುಕ್ಕು ಅಂದಗೆಡಿಸುತ್ತದೆ ಅಷ್ಟೆ. ಸಿಲ್‌ನ ತುಕ್ಕು ಅಪಘಾತದಲ್ಲಿ ನಿಮ್ಮನ್ನು ಕಾಯಬೇಕಾದ ಉಕ್ಕನ್ನೇ ತಿನ್ನುತ್ತದೆ.

ಅದು ಬರುವುದು ಹೇಗೆ? ಬಹಳ ಜನ ರಸ್ತೆಯ ನೀರಿನಿಂದ ಎಂದುಕೊಂಡಿದ್ದಾರೆ. ರಸ್ತೆಯ ಪಾಲೂ ಇದೆ, ಅದರಲ್ಲೂ ಹಿಮ ಕರಗಿಸಲು ಉಪ್ಪು ಸುರಿಯುವ ಕಡೆ. ಆದರೆ ನಿಮ್ಮ ಮಾದರಿಯಲ್ಲಿ ದೊಡ್ಡ ಕಾರಣ ಮೇಲಿನಿಂದ ಬರುತ್ತದೆ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಹಿಂದೆ ಒಂದು ಕಾಲುವೆಗೆ ಇಳಿದು, ಸೀಟುಗಳ ಹಿಂದಿರುವ ಎರಡು ಕೊಳವೆಗಳ ಮೂಲಕ ಕೆಳಗೆ ಹೋಗಬೇಕು. ಎಲೆ, ಧೂಳು, ಹೂವಿನ ಪುಡಿ ಸೇರಿ ಆ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಆಗ ನೀರು ಉಕ್ಕಿ ಒಳಗೆ ಹರಿಯುತ್ತದೆ, ಸಿಲ್‌ನ ಹೊಟ್ಟೆಯಲ್ಲಿ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ಹೊರಗೆ ಬಣ್ಣ ಒಂದು ಗುಳ್ಳೆಯಷ್ಟು ಉಬ್ಬಿದೆ ಎಂದರೆ ಒಳಗಿನ ಪದರದ ಕಥೆ ಆ ಗುಳ್ಳೆಗಿಂತ ಬಹಳ ದೊಡ್ಡದಿರಬಹುದು. ಬಲಬದಿ ಚೆನ್ನಾಗಿದೆ ಎಂದು ನಿಮ್ಮ ಮೆಕ್ಯಾನಿಕ್ ಹೇಳಿಲ್ಲ, ನೋಡಿದ್ದಾರೆ ಎಂದೂ ನೀವು ಬರೆದಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ, ಈ ವಾರವೇ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಎದುರಿಗೆ ನಿಂತು ನೋಡಿ. ರಿಪೇರಿ ಮಾಡಲಿರುವವರೇ ತಪಾಸಣೆ ಮಾಡುವುದು ಬೇಡ. ಬೇರೆಯವರಿಗೆ ಶುಲ್ಕ ಕೊಟ್ಟು ಮಾಡಿಸಿ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಎರಡೂ ಸಿಲ್‌ಗಳ ಉದ್ದಕ್ಕೂ ಬಡಿಯಲಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಕೊಳೆತದ್ದು ಒದ್ದೆ ರಟ್ಟಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಅದು ಅಂಟದ ಕಡೆ ಹಿಂದಿನ ಯಾರೋ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ನೀವು ಇದನ್ನು ಹಳೆಯದಾಗಿಯೇ ಕೊಂಡಿರುವುದರಿಂದ ಆ ಸಾಧ್ಯತೆ ಕಡಿಮೆಯೇನಲ್ಲ. ಜೊತೆಗೆ ನೆಲದಡಿಯಲ್ಲಿ ಉದ್ದಕ್ಕೆ ಹೋಗುವ ಚಾಸಿಸ್ ಪಟ್ಟಿಗಳನ್ನೂ ಸಸ್ಪೆನ್ಷನ್ ಜೋಡಿಸುವ ಜಾಗಗಳನ್ನೂ ನೋಡಲಿ.

ಹೊರಪದರ ಮಾತ್ರ ಹೋಗಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯುವುದು ಒಳ್ಳೆಯ ಟಿಂಕರಿಂಗ್ ಕೆಲಸಗಾರನಿಗೆ ಮಾಮೂಲು. ಕೊಳೆತದ್ದರ ಮೇಲೆಯೇ ತಗಡು ಮುಚ್ಚಿ ಬೆಸೆಯುತ್ತೇನೆ, ಅರ್ಧ ಖರ್ಚಿನಲ್ಲಿ ಮುಗಿಸುತ್ತೇನೆ ಎನ್ನುವವರಿಂದ ದೂರವಿರಿ. ಅದು ಹುಣ್ಣು ತೊಳೆಯದೆ ಬಟ್ಟೆ ಕಟ್ಟಿದಂತೆ, ಎರಡು ಮಳೆಗಾಲದಲ್ಲಿ ಮತ್ತೆ ಹೊರಗೆ ಬರುತ್ತದೆ. ಒಳಪದರವೂ ಚಾಸಿಸ್ ಪಟ್ಟಿಗಳೂ ಹೋಗಿದ್ದರೆ ಲೆಕ್ಕ ಬೇರೆ. ಆಗ ಮೆಕ್ಯಾನಿಕ್ ಹೇಳಿದ 'ಅರ್ಧ ಬೆಲೆ' ಕೇವಲ ಮುಂಗಡ ಎಂದುಕೊಳ್ಳಿ.

ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ವಿಷಯ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಪಟ್ಟಿ. ಈ ಎಂಜಿನ್ನಿನಲ್ಲಿ ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಅದನ್ನು ಬದಲಿಸಬೇಕು. ನಿಮ್ಮದು ಆ ಗಡಿ ದಾಟಿ ಬಹಳ ಆಯಿತು. ಬದಲಿಸಿದ ಬಿಲ್ ಇದೆಯೇ? ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಖರ್ಚಿಗೆ ಸೇರಿಸಿ. ಕ್ಲಚ್ ವಿಷಯದಲ್ಲಿ ಮಾತ್ರ ಆತುರ ಬೇಡ. ಖಾಲಿ ರಸ್ತೆಯಲ್ಲಿ, ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಜೊತೆಯಾಗಿ ಏರಿದರೆ ಅದಕ್ಕಿನ್ನೂ ಆಯುಸ್ಸಿದೆ.

ಟೈರ್‌ಗೆ ಮಾತ್ರ ಇಂದೇ. ಟೈರಿನ ಬದಿಯಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2314 ಎಂದಿದ್ದರೆ 2014ರ ಇಪ್ಪತ್ಮೂರನೆಯ ವಾರದಲ್ಲಿ ಮಾಡಿದ್ದು. ಹತ್ತು ವರ್ಷ ದಾಟಿದ್ದರೆ ಅಚ್ಚು ಎಷ್ಟೇ ಆಳವಿರಲಿ, ತೆಗೆಯಿರಿ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಹಿಂಚಕ್ರ ಓಡಿಸುವ, ಹಗುರವಾದ ಕಾರಿನಲ್ಲಿ, ಅದರಲ್ಲೂ ಚಕ್ರ ಜಾರಿದಾಗ ತಾನೇ ಬ್ರೇಕ್ ಹಾಕಿ ಕಾರನ್ನು ನೆಟ್ಟಗೆ ತರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇಲ್ಲದ್ದರಲ್ಲಿ, ಹಿಂದಿನ ಟೈರ್ ಹಿಡಿತ ಬಿಟ್ಟರೆ ಮುಂದಿನದನ್ನು ನಿಮ್ಮ ಕೈಗಳೇ ನೋಡಿಕೊಳ್ಳಬೇಕು. ನಿದ್ದೆಗೆಟ್ಟ ಹೊಸ ತಂದೆಯ ಕೈಗಳು.

ಈಗ 'ಹೊದಿಕೆ ಹಾಕಿ ನಿಲ್ಲಿಸು' ಎಂಬ ಮಾತಿಗೆ ಬರೋಣ. ನಿಂತ ಕಾರು ಹಾಳಾಗುವುದಿಲ್ಲ ಎಂಬಷ್ಟು ಗಟ್ಟಿಯಾಗಿ ಬೇರೂರಿದ ತಪ್ಪು ನಂಬಿಕೆಯನ್ನು ನನ್ನ ವೃತ್ತಿಯಲ್ಲಿ ಮತ್ತೊಂದು ಕಂಡಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದೇ ಗುಣಮಟ್ಟ ಕೇಳುವುದು 155 ಡಿಗ್ರಿ ಮಾತ್ರ. ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಟೈರ್ ನೆಲಕ್ಕೊತ್ತಿದ ಕಡೆ ಚಪ್ಪಟೆಯಾಗುತ್ತದೆ. ಪೆಟ್ರೋಲ್ ತಿಂಗಳುಗಳಲ್ಲಿ ಹಳಸುತ್ತದೆ. ಇಲಿಗೆ ವೈರಿನ ಹೊದಿಕೆ ಅಂದರೆ ಪ್ರೀತಿ. ನಮ್ಮಲ್ಲಿಗೆ ಬಂದ ಒಂದು ಕಾರನ್ನು ಮಾಲೀಕರು 'ಜೋಪಾನವಾಗಿ' ಆರು ವರ್ಷ ನಿಲ್ಲಿಸಿದ್ದರು. ಏರ್ ಫಿಲ್ಟರಿನ ಡಬ್ಬಿ ತೆರೆದರೆ ಒಳಗೆ ಒಂದು ಸಂಸಾರವೇ ಇತ್ತು. ಅದನ್ನು ಮತ್ತೆ ರಸ್ತೆಗೆ ತರಲು ತಗುಲಿದ ಖರ್ಚಿನಲ್ಲಿ ಆ ಆರು ವರ್ಷವೂ ಅದನ್ನು ಧಾರಾಳವಾಗಿ ಓಡಿಸಬಹುದಿತ್ತು.

'ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುತ್ತೇನೆ' ಎನ್ನುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಕಾರು ಚೆನ್ನಾಗಿ ಬಿಸಿಯಾಗುವವರೆಗೆ ಓಡಿದರೆ ಆ ಆವಿ ಹೊರಗೆ ಹೋಗುತ್ತದೆ. ನಿಂತಲ್ಲೇ ಹತ್ತು ನಿಮಿಷ ಗುರ್ರೆನ್ನಿಸಿದರೆ ಅದು ತಣ್ಣಗಿನ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲಿನಲ್ಲೂ ನೀರಾಗಿ ಉಳಿಯುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಸ್ಟಾರ್ಟ್ ಮಾಡಲೇಬೇಡಿ.

ಬೆಲೆ ಏರುತ್ತದೆ ಎಂಬುದರಲ್ಲಿ ಅರ್ಧ ಸತ್ಯವಿದೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಎಂಎಕ್ಸ್-5ಗಳಲ್ಲಿ ಕಡಿಮೆ ಓಡಿದ, ತುಕ್ಕಿಲ್ಲದ, ಕಂಪನಿಯಿಂದ ಬಂದಂತೆಯೇ ಉಳಿದ, ಬಿಲ್‌ಗಳೆಲ್ಲ ಇರುವ ಕಾರುಗಳಿಗೆ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಿದ್ದಾರೆ. ಆದರೆ ಇದು ಅಪರೂಪದ ಕಾರಲ್ಲ. 2016ರಲ್ಲೇ ಇದರ ಒಟ್ಟು ತಯಾರಿಕೆ ಹತ್ತು ಲಕ್ಷ ದಾಟಿತು. ಎರಡನೆಯ ತಲೆಮಾರಿನ, ಸಿಲ್‌ಗೆ ತುಕ್ಕು ಬಂದ ಕಾರು ನಿಮ್ಮ ಮಗುವಿನ ಕಾಲೇಜು ಶುಲ್ಕವಾಗುತ್ತದೆ ಎಂದು ಕನಸು ಕಾಣಬೇಡಿ. ಏರಿದರೂ ವಿಮೆ, ತೆರಿಗೆ, ನಿಲ್ಲಿಸುವ ಜಾಗ, ಟೈರ್ ಎಲ್ಲ ಸೇರಿ ಆ ಏರಿಕೆಯನ್ನು ನುಂಗುತ್ತವೆ. ಕಾರನ್ನು ಪ್ರೀತಿಗಾಗಿ ಇಟ್ಟುಕೊಳ್ಳಿ, ಅದು ಮರ್ಯಾದಸ್ಥ ಕಾರಣ. ಹೂಡಿಕೆ ಎಂದು ಮನೆಯವರಿಗೆ ಹೇಳಬೇಡಿ.

ಇದರ ಎದುರು ದಿಕ್ಕಿನ ತಪ್ಪೂ ಇದೆ: 'ರಿಪೇರಿ ಕಾರಿನ ಬೆಲೆಯ ಅರ್ಧ, ಆದ್ದರಿಂದ ಮಾರಲೇಬೇಕು.' ರಿಪೇರಿಯನ್ನು ಅಳೆಯಬೇಕಾದದ್ದು ಬೇರೆ ಮಾನದಂಡದಿಂದ. ಹೊಸ ಕಾರು ಮೊದಲ ವರ್ಷದಲ್ಲೇ ಬೆಲೆಯ ಐದನೇ ಒಂದು ಭಾಗದಷ್ಟು ಕಳೆದುಕೊಳ್ಳುವುದು ಸಾಮಾನ್ಯ. ನಿಮ್ಮ ಕಾರಿನ ಇಂದಿನ ಬೆಲೆ ನೂರು ಎಂದಿಟ್ಟುಕೊಳ್ಳಿ. ಎಂಟುನೂರರ ಹೊಸ ಎಸ್‌ಯುವಿ ಕೊಂಡರೆ ಒಂದೇ ವರ್ಷದಲ್ಲಿ ನೂರ ಅರವತ್ತು ಸದ್ದಿಲ್ಲದೆ ಕರಗುತ್ತದೆ, ಯಾರೂ ಬಿಲ್ ಕೊಡದ ಕಾರಣ ಯಾರೂ ಅಳುವುದಿಲ್ಲ. ನಿಮ್ಮ ಐವತ್ತರ ರಿಪೇರಿಗೆ ಬಿಲ್ ಇದೆ, ಅದಕ್ಕೇ ನೋವು. ಹಾಗೆಂದು ಐವತ್ತು ಹಾಕಿದರೆ ಕಾರು ನೂರೈವತ್ತಾಗುವುದೂ ಇಲ್ಲ. ಮಾರುವ ಉದ್ದೇಶಕ್ಕೆ ರಿಪೇರಿ ಮಾಡಿಸಬೇಡಿ. ಓಡಿಸುವ ಉದ್ದೇಶಕ್ಕೆ ಮಾತ್ರ ಮಾಡಿಸಿ. ವರ್ಷಕ್ಕೆ ಇದನ್ನು ಸಾಕುವ ಒಟ್ಟು ಖರ್ಚನ್ನು ನೀವು ನಿಜವಾಗಿ ಹೊರಡಬಹುದಾದ ಸವಾರಿಗಳಿಂದ ಭಾಗಿಸಿ, ಒಂದು ಸವಾರಿಯ ದರ ತೆಗೆಯಿರಿ. ಮಗು ಹುಟ್ಟಿದ ಮೊದಲ ವರ್ಷದ ಸವಾರಿಗಳನ್ನು ಎಣಿಸಲು ಎರಡು ಕೈಯ ಬೆರಳುಗಳು ಹೆಚ್ಚಾಗುತ್ತವೆ ಎಂದು ನನ್ನ ಅನುಭವ. ಆ ದರ ನೋಡಿದ ಮೇಲೂ ಮುಖದಲ್ಲಿ ನಗು ಉಳಿದರೆ ಇಟ್ಟುಕೊಳ್ಳಿ.

ಅತ್ತೆ-ಮಾವನ ಮಾತನ್ನು ತಳ್ಳಿಹಾಕಲಾರೆ. ಎರಡು ವಾಹನಗಳು ಢಿಕ್ಕಿಯಾದಾಗ ಭಾರದ್ದು ತನ್ನೊಳಗಿನವರನ್ನು ಹೆಚ್ಚು ಕಾಪಾಡುತ್ತದೆ, ಅದು ಭೌತಶಾಸ್ತ್ರ. ಆದರೆ ಭಾರವಿದ್ದಷ್ಟೂ ನಿಲ್ಲಿಸಲು ಕಷ್ಟ. ಎತ್ತರವಿದ್ದಷ್ಟೂ ಥಟ್ಟನೆ ತಿರುಗಿಸಿದಾಗ ಮಗುಚುವ ಭಯ ಹೆಚ್ಚು. ಆಗಲೇ ಹೇಳಿದ ಸ್ಥಿರತಾ ನಿಯಂತ್ರಣ ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಮಗುವಿನ ಸುರಕ್ಷತೆಯ ದೊಡ್ಡ ಪಾಲು ಅದರಲ್ಲಿ, ಢಿಕ್ಕಿ ಪರೀಕ್ಷೆಯ ಫಲಿತಾಂಶದಲ್ಲಿ, ಮತ್ತು ಮಗುವಿನ ಸೀಟನ್ನು ಸರಿಯಾಗಿ ಕೂರಿಸುವುದರಲ್ಲಿದೆ. ಇವೆಲ್ಲ ಇರುವ ಮೂರು-ನಾಲ್ಕು ವರ್ಷ ಹಳೆಯ ಮಧ್ಯಮ ಗಾತ್ರದ ಹ್ಯಾಚ್‌ಬ್ಯಾಕ್ ಸಾಕು. ಮಗುವಿನ ಸೀಟನ್ನು ನೇರವಾಗಿ ಕಾರಿನ ದೇಹಕ್ಕೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಹಿಂದಿನ ಸೀಟಿನಲ್ಲಿ ಇವೆಯೇ ನೋಡಿ. ಕೊಳ್ಳುವ ಮುನ್ನ ಮಗುವಿನ ಸೀಟು, ತಳ್ಳುಗಾಡಿ, ತಂದೆಯವರು, ಮೂರನ್ನೂ ಕರೆದೊಯ್ಯಿರಿ.

ತಂದೆಯವರ ಬಗ್ಗೆ ಎಸ್‌ಯುವಿ ಪರ ಇರುವವರು ಮರೆಯುವ ಮಾತೊಂದಿದೆ. ಮಂಡಿನೋವಿಗೆ ತಗ್ಗಿನ ಕಾರು ಎಷ್ಟು ಕಷ್ಟವೋ ಹತ್ತಬೇಕಾದ ಕಾರೂ ಅಷ್ಟೇ ಕಷ್ಟ. ಪಕ್ಕದಲ್ಲಿ ನಿಂತಾಗ ಸೀಟು ಅವರ ತೊಡೆಯ ಮೇಲ್ಭಾಗಕ್ಕೆ ಸಮವಾಗಿರಬೇಕು. ಬೆನ್ನು ತಿರುಗಿಸಿ ಕೂತು ಕಾಲನ್ನು ಒಳಗೆಳೆದುಕೊಳ್ಳುವಂತಿರಬೇಕು. ಅವರು ಎರಡು ಸಲ ಹತ್ತಿ ಇಳಿಯಲಿ. ಯಾವ ಕಂಪನಿಯ ಕಿರುಹೊತ್ತಿಗೆಯೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳು. ತಪಾಸಣೆಯಲ್ಲಿ ಸಿಲ್‌ಗಳ ಒಳಪದರ ಹೋಗಿದೆ ಎಂದು ಬಂದರೆ ಮಾರಿ. ತುಕ್ಕನ್ನು ಮುಚ್ಚಿಡದೆ, ತಪಾಸಣೆಯ ಫೋಟೊಗಳನ್ನು ತೋರಿಸಿಯೇ ಮಾರಿ. ಈ ಕಾರನ್ನು ಬಲ್ಲವರು ಬಿಡಿಭಾಗಕ್ಕಾಗಿಯೋ ಪೂರ್ತಿ ಕಟ್ಟುವುದಕ್ಕಾಗಿಯೋ ಕೊಳ್ಳುತ್ತಾರೆ. ತೆರೆದ ಕಾರಿಗೆ ಗಿರಾಕಿ ಬರುವುದು ಮಳೆ, ಚಳಿ ಮುಗಿದು ಆಕಾಶ ತಿಳಿಯಾದಾಗ. ಸಾಧ್ಯವಾದರೆ ಅಲ್ಲಿಯವರೆಗೆ ಕಾಯಿರಿ, ಆದರೆ ಆ ನೆಪದಲ್ಲಿ ಮೂರು ವರ್ಷ ಕಾಯಬೇಡಿ.

ಸಿಲ್ ಗಟ್ಟಿಯಾಗಿದ್ದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ, ಟೈರ್, ಬ್ರೇಕ್ ಆಯಿಲ್, ಬೆಲ್ಟ್, ಹೊರಪದರದ ವೆಲ್ಡಿಂಗ್ ಮಾಡಿಸಿ ಒಂದು ವರ್ಷ ಇಟ್ಟುಕೊಳ್ಳುತ್ತಿದ್ದೆ. ಸಂಸಾರದ ಕಾರನ್ನು ಅದಕ್ಕೆ ತಕ್ಕಂತೆ ಸಾಧಾರಣವಾದದ್ದನ್ನು ಕೊಳ್ಳುತ್ತಿದ್ದೆ. ಛಾವಣಿಯ ನೀರು ಇಳಿಯುವ ಆ ಕೊಳವೆಗಳನ್ನು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದಿಂದ ಮೆಲ್ಲಗೆ ಬಿಡಿಸಿ. ಗಾಳಿಯ ಒತ್ತಡ ಹಾಕಿದರೆ ಕೆಳಗಿನ ಜೋಡಣೆ ಕಳಚಿಕೊಳ್ಳುತ್ತದೆ. ಸವಾರಿಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ವರ್ಷದ ಕೊನೆಗೆ ಆ ಪುಟ ಖಾಲಿಯಿದ್ದರೆ ನಿಮಗೆ ನನ್ನ ಸಲಹೆ ಬೇಕಾಗುವುದಿಲ್ಲ.

ಮೂರನೆಯ ದಾರಿ, ಎರಡನ್ನೂ ಒಂದೇ ಕಾರಿನಲ್ಲಿ ಹುಡುಕುವುದು. ಫೋಕ್ಸ್‌ವ್ಯಾಗನ್ 1976ರಲ್ಲಿ ಗಾಲ್ಫ್ ಜಿಟಿಐ ಮಾರಾಟಕ್ಕಿಟ್ಟಾಗ ತೋರಿಸಿಕೊಟ್ಟದ್ದು ಇದನ್ನೇ: 110 ಅಶ್ವಶಕ್ತಿಯ ಎಂಜಿನ್ ಇರುವ, ಹಿಂದೆ ಜನ ಕೂರುವ, ಡಿಕ್ಕಿಯಲ್ಲಿ ಸಾಮಾನು ಹಿಡಿಯುವ ಕಾರು. ಆ ವಂಶ ಇಂದಿಗೂ ಬೆಳೆದಿದೆ, ಮತ್ತು ಓಡಿಸುವ ಸುಖ ಬಲ್ಲವರಿಗೆ ಒಂದೇ ಕಾರು ಇಟ್ಟುಕೊಳ್ಳುವುದಾದರೆ ನಾನು ಅದನ್ನೇ ಹೇಳುತ್ತೇನೆ. ಛಾವಣಿ ತೆರೆಯುವ ಸುಖ ಮಾತ್ರ ಅದರಲ್ಲಿ ಸಿಗುವುದಿಲ್ಲ, ಸುಳ್ಳು ಹೇಳಲಾರೆ. 'ಹಿಂದೆ ಎರಡು ಸಣ್ಣ ಸೀಟುಗಳಿವೆ' ಎನ್ನುವ ಸ್ಪೋರ್ಟ್ಸ್ ಕಾರುಗಳಿಗೆ ಮೋಸ ಹೋಗಬೇಡಿ. ಟೊಯೋಟಾ 86 ಆಗಲಿ, ಪೋರ್ಷೆ 911 ಆಗಲಿ, ಹಿಂದೆ ಮುಖ ಮಾಡಿದ ಮಗುವಿನ ಸೀಟು ಇಟ್ಟರೆ ಅದರ ಮುಂದೆ ಕೂರುವವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ತಂದೆಯವರ ಮಂಡಿಗೆ ಇದು ಖಂಡಿತ ಬೇಡ.

ಇಷ್ಟನ್ನೂ ಮಗು ಹುಟ್ಟುವ ಮೊದಲೇ ತೀರ್ಮಾನಿಸಿ. ಮೂರು ಗಂಟೆ ನಿದ್ದೆ ಮಾಡಿದವನು ಬಂದ ಮೊದಲ ಬೆಲೆಗೆ ಹೂಂ ಎನ್ನುತ್ತಾನೆ. ನಾನು ನನ್ನದನ್ನು ಹಾಗೆಯೇ ಮಾರಿದೆ. ಹೆಂಡತಿಯವರ 'ನಿಮಗೆ ಬಿಟ್ಟದ್ದು' ಎಂಬುದಕ್ಕೆ ನನ್ನ ಬಳಿ ಪರಿಣತಿ ಇಲ್ಲ. ಸವಾರಿ ದರದ ಲೆಕ್ಕ ಬರೆದ ಹಾಳೆಯನ್ನು ಅವರ ಮುಂದಿಟ್ಟು ನೋಡಿ.

ಇನ್ನು ಆಸ್ಪತ್ರೆಯಿಂದ ಮನೆಗೆ ಬರುವ ವಿಷಯ. ಬೇಡ. ಹಸುಗೂಸಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಯುರೋಪಿನ ಆರ್129 ನಿಯಮದ ಪ್ರಕಾರ ಕನಿಷ್ಠ ಹದಿನೈದು ತಿಂಗಳವರೆಗೆ. ಏರ್‌ಬ್ಯಾಗ್ ಚಾಲೂ ಇರುವ ಸೀಟಿನಲ್ಲಿ ಅದನ್ನು ಎಂದೂ ಇಡಬಾರದು, ಏರ್‌ಬ್ಯಾಗ್ ಸಿಡಿಯುವ ಹೊಡೆತ ನೇರ ಮಗುವಿನ ತಲೆಯ ಹಿಂಭಾಗಕ್ಕೆ ಬೀಳುತ್ತದೆ. ಕೆಲವು ಮಾದರಿಗಳಲ್ಲಿ ಅದನ್ನು ಬಂದ್ ಮಾಡುವ ಕೀಲಿ ಇದೆ, ನಿಜ. ನಿಮ್ಮ ಕಾರಿನಲ್ಲಿ ಇದೆಯೆಂದೇ ಇಟ್ಟುಕೊಳ್ಳೋಣ, ಮಗುವಿನ ಸೀಟೂ ಸರಿಯಾಗಿ ಕೂತಿತು ಎನ್ನೋಣ. ಒಂದರಲ್ಲಿ ಮಗು, ಒಂದರಲ್ಲಿ ನೀವು. ಹೆರಿಗೆಯಾದ ನಿಮ್ಮ ಹೆಂಡತಿ ಬಸ್ಸಿನಲ್ಲಿ ಬರುತ್ತಾರೆಯೇ?